ಅಯ್ಯರ್ ಅಲ್ಲದ ಅಪ್ಪಯ್ಯನಿಗೆ

ನನ್ನ ಅಪ್ಪಯ್ಯ,

ಪೆರಂಬೂರಿನಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆದವರು ಯಾರಿದ್ದರು? ರೈಲು ಡಬ್ಬಿ ಮಾಡುವ ಕೋಚ್ ಫ್ಯಾಕ್ಟರಿ ಶುರುವಾಗಿ ನಮ್ಮ ಹೋಟೆಲಿಗೆ ಗಿರಾಕಿ ಹೆಚ್ಚಿದ ಮೇಲಂತೂ ಎಲ್ಲರ ಬಾಯಲ್ಲೂ ನೀವು 'ಅಯ್ಯರ್'. ಕುಂದಾಪುರದಿಂದ ಬಂದ ನಮಗೆ ತಮಿಳು ಬ್ರಾಹ್ಮಣರ ಹೆಸರೇಕೆ ಎಂದು ನಾನು ಸಿಡುಕಿದರೆ ನಗುತ್ತಿದ್ದಿರಿ. "ಹೆಸ್ರಂಗೆ ಎಂತ ಇತ್ತ್ ಮಗಾ? ಇಡ್ಲಿ ಲಾಯ್ಕಿದ್ರೆ ಸಾಕಲ್ದಾ?"

ಟೈಫಾಯ್ಡ್ ಎಂದು ನಿಮ್ಮನ್ನು ಆಸ್ಪತ್ರೆಗೆ ಸೇರಿಸಿದ ದಿನ, ಚೀಟಿ ಬರೆಯುವ ಗುಮಾಸ್ತ ನಮ್ಮ ಗಿರಾಕಿಯೇ ಆಗಿದ್ದ. "ಅಡಡೆ, ನಮ್ಮ ಅಯ್ಯರಾ!" ಎಂದವನೇ, ಏನೊಂದೂ ಕೇಳದೆ, ಜಾತಿಯ ಎದುರು ಅಯ್ಯರ್, ಮಾತೃಭಾಷೆಯ ಎದುರು ತಮಿಳು ಎಂದು ಗೀಚಿದ. ನಾನು ನೋಡಿದೆ. ಹಿಂದೆ ಉದ್ದ ಸಾಲಿತ್ತು. ತಿದ್ದಿಸಲು ಹೋದರೆ ಅವನಿಗೆ ಮುನಿಸಾದೀತು, ಬೆಡ್ ತಪ್ಪೀತು ಎಂದು... ತಮಿಳಿನಲ್ಲೇ ಅವನಿಗೆ ಥ್ಯಾಂಕ್ಸ್ ಹೇಳಿ ಬಂದೆ.

ಅಂಟುರೋಗದ ವಾರ್ಡೆಂದು ಎರಡು ದಿನ ನನ್ನನ್ನು ಒಳಗೆ ಬಿಡಲಿಲ್ಲ. ಮೂರನೆಯ ಸಂಜೆ ಬಂದರೆ ನಿಮ್ಮ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. "ಎರ್ಡ್ ದಿನ ಆಯ್ತ್ ಮಗಾ, ಮೂತ್ರ ಹೋತಿಲ್ಲ. ಹೇಳಿ ಹೇಳಿ ಸಾಕಾಯ್ತ್" ಎಂದಿರಿ. ಎಷ್ಟು ಸ್ಪಷ್ಟವಾದ ಮಾತು! ಜ್ವರದ ತಾಪಕ್ಕೆ ತಮಿಳು ಮರೆತಿತ್ತು, ಅಷ್ಟೇ. ನರ್ಸಮ್ಮ ಚೀಟಿ ತೋರಿಸಿದಳು. ತಮಿಳಿನವರು ತಮಿಳು ಬಿಟ್ಟು ಏನೇನೋ ಬಡಬಡಿಸುತ್ತಿದ್ದರೆ ಜ್ವರ ತಲೆಗೇರಿದೆ ಎಂದಲ್ಲದೆ ಇನ್ನೇನು ತಿಳಿಯುವುದು ಎಂದಳು. ನಾನು ಡಾಕ್ಟರ ಕಾಲು ಹಿಡಿದು ಕರೆತಂದೆ. ಅಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು. ಮರುದಿನ ಬೆಳಿಗ್ಗೆ ನೀವಿರಲಿಲ್ಲ.

ಮೂರು ವರ್ಷವಾದ ಮೇಲೆ ಮೊನ್ನೆ ಧೈರ್ಯ ಮಾಡಿ ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಹೋಗಿದ್ದೆ. ಸತ್ತವರ ಚೀಟಿ ತಿದ್ದಿ ಏನಮ್ಮಾ ಪ್ರಯೋಜನ ಎಂದು ಅಲ್ಲಿನ ಮುದುಕ ಗುಮಾಸ್ತ ಕೇಳಿದ. ಅತ್ತುಬಿಟ್ಟೆ. ಕೊನೆಗೆ ಅಯ್ಯರ್, ತಮಿಳು ಎರಡನ್ನೂ ಹೊಡೆದು ಹಾಕಿ ಕನ್ನಡ ಎಂದು ಬರೆದ. ಆದರೆ ಕೆಳಗೆ ಡಾಕ್ಟರ ಕೈಬರಹದಲ್ಲಿ 'ಅರ್ಥವಿಲ್ಲದ ಮಾತು' ಎಂದಿತ್ತು. ಅದನ್ನು ಮುಟ್ಟುವ ಅಧಿಕಾರ ತನಗಿಲ್ಲ ಎಂದು ಫೈಲು ಮುಚ್ಚಿದ.

ಕೊನೆಗಾಲದಲ್ಲಿ ನಿಮ್ಮ ಬುದ್ಧಿ ಸ್ತಿಮಿತದಲ್ಲಿರಲಿಲ್ಲ ಎಂದು ಅಮ್ಮ ಇವತ್ತಿಗೂ ನಂಬಿದ್ದಾಳೆ. ನಂಬಿಸಿದವಳು ನಾನೇ ಅಪ್ಪಯ್ಯ. ಇಂದು ಅಮ್ಮ ದೇವಸ್ಥಾನದಿಂದ ಬರುತ್ತಲೇ ಹೇಳಿಬಿಡುತ್ತೇನೆ: ಅಪ್ಪಯ್ಯ ಸರಿಯಾಗಿಯೇ ಮಾತಾಡುತ್ತಿದ್ದರು, ಬಾಯಿ ಮುಚ್ಚಿಕೊಂಡಿದ್ದವಳು ನಾನು.

ನಿಮ್ಮ ಮಗಳು