ಯಾರ ಆಳು

ಅಕ್ಟೋಬರ್ ೧೪, ಮಂಗಳವಾರ

ಛಾವಣಿಯಿಂದ ಬಿದ್ದವನ ಸೊಂಟ ಮುರಿದಿದೆ. ಉಪಗುತ್ತಿಗೆ ಹಿಡಿದ ಕ್ಲೈಡ್ ಕೆಲಸದವರಿಗೆ ವಿಮೆಯನ್ನೇ ಮಾಡಿಸಿರಲಿಲ್ಲ. ಅಮೆರಿಕದ ಈ ಜಾರ್ಜಿಯಾ ರಾಜ್ಯದ ಕಾನೂನಿನಂತೆ ಪರಿಹಾರ ಈಗ ಮುಖ್ಯ ಗುತ್ತಿಗೆದಾರನಾದ ನನ್ನ ತಲೆಗೆ ಬಂತು.

ಭಾನುವಾರ ಚರ್ಚಿನಲ್ಲಿ ನನ್ನ ಪಕ್ಕದಲ್ಲೇ ನಿಂತು ಹಾಡುವ ಕ್ಲೈಡ್‌ನ ಹತ್ತಿರ, ಕೆಲಸ ಕೊಡುವಾಗ, ವಿಮೆಯ ಕಾಗದ ಕೇಳಲು ನಾಚಿಕೆಯಾಗಿತ್ತು. ಇವತ್ತು ಕೇಳಿದೆ.

"ನೀನು ಮೊದ್ಲೇ ಕೇಳ್ಬೇಕಿತ್ತಲ್ಲ, ಬ್ರದರ್," ಅಂದ. ಮೈ ಉರಿದುಹೋಯಿತು.

ಸಂಜೆ ಆಸ್ಪತ್ರೆಗೆ ಹೋದೆ. ಮಲಗಿದ್ದವನ ಹೆಂಡತಿ ನನ್ನನ್ನೇ ದಿಟ್ಟಿಸಿದಳು.

"ಇವನು ನನ್ನ ಕೆಲಸದವನು," ಅಂದೆ.

"ನಿನ್ನೆಯಿಂದ ಎಲ್ರೂ ನಮ್ಮವನಲ್ಲ ಅಂತಿದ್ರು. ನಿಮ್ಮವರಾದ್ರೆ ಇವರ ಹೆಸರು ಹೇಳಿ ಸಾರ್, ನೋಡೋಣ."

ಹೆಸರು ಮಂಚದ ತಲೆಯ ಬಳಿಯ ಚೀಟಿಯಲ್ಲಿತ್ತು. ನನ್ನ ಕನ್ನಡಕ ಗಾಡಿಯಲ್ಲೇ ಉಳಿದಿತ್ತು. ಅವಳು ಕಾಯುತ್ತಲೇ ಇದ್ದಳು, ನಾನು ಚೀಟಿಯ ಕಡೆ ಬಗ್ಗಿದೆ, ಅಕ್ಷರ ಕಾಣಲಿಲ್ಲ; "ಹೆಸರು ಗೊತ್ತಿಲ್ಲ, ನೀವೇ ಹೇಳಿ," ಅಂದೆ.