ಮೂರನೆಯ ತೊಲೆಯ ಮೊದಲ ವರದಿ

ಮಾನ್ಯ ಕಾರ್ಯಪಾಲಕ ಎಂಜಿನಿಯರರೇ,

ನಮ್ಮ ವಾರ್ಡಿನ ಹೊಲಿಗೆ ತರಬೇತಿ ಕೇಂದ್ರದ ಶಿಕ್ಷಕಿ ಗುರವ್ವನವರಿಗೆ ನಿಮ್ಮ ಕಚೇರಿ ಕಳಿಸಿದ ನೋಟಿಸನ್ನು ಓದಿದೆ. ‘ಅನುಮತಿಗಿಂತ ಹೆಚ್ಚು ಹೊಲಿಗೆ ಯಂತ್ರಗಳನ್ನು ಏಕಕಾಲಕ್ಕೆ ಚಲಾಯಿಸಿ ಸರ್ಕಾರಿ ಕಟ್ಟಡಕ್ಕೆ ಹಾನಿ ಉಂಟುಮಾಡಿರುವಿರಿ, ಏಳು ದಿನಗಳೊಳಗೆ ಲಿಖಿತ ವಿವರಣೆ ನೀಡತಕ್ಕದ್ದು’ ಎಂದಿದೆ. ಬರೆಯಬೇಕಾದ ಅವರ ಬಲಗೈ ಮೊಣಕೈಯವರೆಗೂ ಪ್ಲಾಸ್ಟರಿನಲ್ಲಿದೆ. ಆದ್ದರಿಂದ ವಿವರಣೆಯನ್ನು ನಾನು ಬರೆಯುತ್ತಿದ್ದೇನೆ. ನ್ಯಾಯವಾಗಿ ನೋಡಿದರೆ ಆ ನೋಟಿಸು ಬರಬೇಕಾಗಿದ್ದದ್ದು ಮೂಡಲಪಾಳ್ಯದ ನನ್ನ ವಿಳಾಸಕ್ಕೆ. ಅದರ ಒಂದು ಪ್ರತಿ ನಿಮ್ಮ ಮೇಜಿಗೂ.

ಹದಿನಾಲ್ಕು ಹೊಲಿಗೆ ಯಂತ್ರಗಳ ಭಾರಕ್ಕೆ ಕಾಂಕ್ರೀಟ್ ತೊಲೆ ಮುರಿಯುವುದಾದರೆ, ಚಂದ್ರಾ ಲೇಔಟಿನ ಯಾವ ಮನೆಯಲ್ಲಿ ತಾನೇ ಜನ ಸೇರಿಸಿ ನಾಮಕರಣ ಮಾಡಲಾದೀತು? ಇದು ನಿಮಗೆ ತಿಳಿಯದ್ದೇನಲ್ಲ. ನೀವೂ ಎಂಜಿನಿಯರು, ನಾನೂ ಎಂಜಿನಿಯರು. ನಮ್ಮಿಬ್ಬರಿಗಿಂತ ಮೊದಲು ಆ ತೊಲೆಯ ಕಾಯಿಲೆ ಗುರುತಿಸಿದವರು ಮಾತ್ರ ಆಲಮೇಲದ ಕಡೆಯಿಂದ ಬಂದು ಹನ್ನೊಂದು ವರ್ಷಗಳಿಂದ ಇಲ್ಲಿ ಲಂಗ, ರವಿಕೆ ಹೊಲಿಯಲು ಕಲಿಸುತ್ತಿರುವ ಈ ಗುರವ್ವ.

“ಸರ, ಹೋದ ವರ್ಷ ಎಲ್ಲಾ ಮಷಿನ್ ಒಮ್ಮೆಲೇ ಓಡಿದ್ರೂ ನೆಲ ಗಪ್ಪನ ಇರ್ತಿತ್ರಿ. ಈಗ ಅಂಗಾಲಿಗೆ ಜುಮುಜುಮು ಅಂತೈತಿ. ಏನೋ ಫರಕ್ ಆಗೈತ್ರಿ,” ಎಂದು ಅವರು ನನ್ನನ್ನು ಮಹಡಿಯ ಮೇಲೆ ಬರಿಗಾಲಲ್ಲಿ ನಿಲ್ಲಿಸಿದ್ದರು. ಅವರು ಮೂರು ಅರ್ಜಿ ಕೊಟ್ಟ ಮೇಲೆ ನೀವೇ ನನ್ನನ್ನು ಪರೀಕ್ಷೆಗೆ ಕಳಿಸಿದ್ದಿರಿ. ಅದಕ್ಕೆ ಕೃತಜ್ಞ.

ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ದನಿ ಕೇಳುತ್ತೇವಲ್ಲ, ನನ್ನ ವಿದ್ಯೆಯೂ ಅಷ್ಟೇ. ಮಹಡಿಯನ್ನು ಹೊತ್ತ ನಾಲ್ಕು ತೊಲೆಗಳಿಗೂ ಕಂಪನ ಅಳೆಯುವ ಸಣ್ಣ ಸಾಧನಗಳನ್ನು ಅಂಟಿಸಿ, ರಬ್ಬರ್ ತಲೆಯ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಬಂದ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ನೋಡಿದೆ. ನಾಲ್ಕೂ ಒಂದೇ ಉದ್ದ, ಒಂದೇ ದಪ್ಪ. ಮೂರು ತೊಲೆಗಳು ಸೆಕೆಂಡಿಗೆ ಸುಮಾರು ಹದಿನಾಲ್ಕು ಸಲ ಕಂಪಿಸಿದವು. ಮೂರನೆಯದು ಹನ್ನೊಂದೇ ಸಲ. ಆರು ಬಾರಿ ತಟ್ಟಿದೆ, ಆರು ಬಾರಿಯೂ ಹನ್ನೊಂದೇ. ಬಿರುಕು ಬಿಟ್ಟ ತೊಲೆ ಬಿಗಿ ಕಳೆದುಕೊಂಡು ಹೀಗೆ ನಿಧಾನವಾಗಿ ಕಂಪಿಸುತ್ತದೆ. ಹೊಸ ಬಣ್ಣದ ಹಿಂದೆ, ನಟ್ಟನಡುವೆ, ಅದು ಒಳಗೊಳಗೇ ಸೀಳಿತ್ತು. ನಿಮಗೆ ಫೋನಿನಲ್ಲಿ ತಿಳಿಸಿ, ‘ಕಟ್ಟಡವನ್ನು ತಕ್ಷಣ ತೆರವುಗೊಳಿಸಬೇಕು’ ಎಂದು ವರದಿ ಬರೆದು ನಿಮ್ಮಲ್ಲಿಗೆ ತಂದೆ.

ಆ ದಿನ ನೀವು ಕುರ್ಚಿಯಿಂದ ಎದ್ದು ನನ್ನನ್ನು ಬರಮಾಡಿಕೊಂಡಿರಿ. “ಬನ್ನಿ ನಾಗಭೂಷಣ್ ಸಾರ್. ನಾನೇ ಹೋಗಿ ನೋಡ್ಕೊಂಡ್ ಬಂದೆ, ಒಂದು ಗೀರೂ ಇಲ್ಲ. ಕಂಪ್ಯೂಟರ್‌ನಲ್ಲಿ ಮಾತ್ರ ಕಾಣೋ ಬಿರುಕಿಗೆ ಬೀಗ ಹಾಕ್ಸಿದ್ರೆ ಜನ ನಗಲ್ವಾ? ನವೀಕರಣ ಆಗಿ ಆರು ತಿಂಗಳೂ ಆಗಿಲ್ಲ. ‘ಗಮನದಲ್ಲಿರಿಸುವುದು ಸೂಕ್ತ’ ಅಂತ ಬರೀರಿ, ಸಾಕು. ಅಂದಹಾಗೆ, ಪರಿಣತರ ಸಮಿತಿಗೆ ನಿಮ್ಮ ಹೆಸರು ಕಳಿಸಿದೀನಿ.”

ನೀವು ಗದರಿಸಲಿಲ್ಲ, ಲಂಚ ಕೊಡಲಿಲ್ಲ. ಗದರಿಸಿದ್ದರೆ ಬಹುಶಃ ತಿರುಗಿ ಬೀಳುತ್ತಿದ್ದೆನೋ ಏನೋ. ‘ಪರಿಣತ’ ಎಂಬ ಒಂದು ಪದಕ್ಕೆ, ಐವತ್ತೆಂಟರ ಈ ವಯಸ್ಸಿನಲ್ಲಿ, ನನ್ನ ಬೆನ್ನು ತಾನಾಗಿಯೇ ಬಾಗಿತು. ನಿಮ್ಮ ಎದುರೇ ಕೂತು, ನಿಮ್ಮ ಪೆನ್ನಿನಿಂದಲೇ ‘ತೆರವುಗೊಳಿಸಬೇಕು’ ಎಂಬ ಸಾಲನ್ನು ಹೊಡೆದುಹಾಕಿ, ನೀವು ಹೇಳಿದ್ದನ್ನು ಬರೆದೆ. ಹೊಸ ಪ್ರತಿಗೆ ಸಹಿ ಹಾಕಿದೆ. ಮನೆಗೆ ಬಂದು ಹೆಂಡತಿಗೆ ಸಮಿತಿಯ ವಿಷಯವನ್ನಷ್ಟೇ ಹೇಳಿದೆ.

ಸಹಿ ಹಾಕಿದ ಹತ್ತೊಂಬತ್ತನೆಯ ದಿನ, ಮಧ್ಯಾಹ್ನ ಮೂರರ ಸುಮಾರಿಗೆ, ಗುರವ್ವ ಕೆಳಗಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಾಗ ಗುಲಾಬಿ ಬಣ್ಣದ ಪಾಪ್ಲಿನ್ ಮೇಲೆ ಗಾರೆಯ ಪುಡಿ ಉದುರಿತು. ಅವರು ತಲೆಯೆತ್ತಿ ನೋಡುತ್ತಾ ನಿಲ್ಲಲಿಲ್ಲ. “ಮಷಿನ್ ಬಿಡ್ರೇ, ಓಡ್ರೀ!” ಎಂದು ಮೆಟ್ಟಿಲ ಬಳಿ ನಿಂತು ಕೂಗಿ ಎಲ್ಲರನ್ನೂ ಹೊರಗೆ ಕಳಿಸಿದರು. ಕೊನೆಯವಳಾದ ತುಂಬು ಬಸುರಿ ಹೇಮಶ್ರೀಯನ್ನು ಬಾಗಿಲಾಚೆ ನೂಕುವಾಗ ತೊಲೆ ಬಾಯಿಬಿಟ್ಟಿತು. ಬಿದ್ದ ಕಾಂಕ್ರೀಟ್ ಗಡ್ಡೆಯಡಿ ಅವರ ಬಲಗೈ ಸಿಕ್ಕಿತು. ಎರಡು ಬೆರಳುಗಳನ್ನು ಉಳಿಸಲಾಗಲಿಲ್ಲ. ಹದಿನಾಲ್ಕು ಹೆಣ್ಣುಮಕ್ಕಳು ಉಳಿದರು.

ಆಸ್ಪತ್ರೆಗೆ ಹೋಗಲು ನನಗೆ ಆರು ದಿನ ಬೇಕಾಯಿತು. ನನ್ನನ್ನು ಕಂಡ ಕೂಡಲೇ ಅವರೇ ಸಮಾಧಾನ ಹೇಳತೊಡಗಿದರು. “ಮನಸ್ಸಿಗೆ ಹಚ್ಕೋಬ್ಯಾಡ್ರಿ ಸರ. ಅಳತಿ ಯಂತ್ರ ಅಂದ್ಮ್ಯಾಲ ಒಮ್ಮೊಮ್ಮೆ ತಪ್ಪತೈತಿ. ನೀವರ ಏನ್ ಮಾಡೀರಿ?”

ಹೂಂ ಎಂದು ಎದ್ದು ಬರಬಹುದಿತ್ತು. ಬಾಗಿಲವರೆಗೆ ಬಂದೂ ಇದ್ದೆ. ತಿರುಗಿ ಹೋಗಿ ಹೇಳಿದೆ: “ಯಂತ್ರ ತಪ್ಪಲಿಲ್ಲಮ್ಮಾ. ಅದು ಸರಿಯಾಗೇ ಹೇಳಿತ್ತು. ನಾನು ತಿದ್ದಿ ಬರೆದೆ.”

ಅವರು ಹಾಸಿಗೆಯ ಪಕ್ಕದಲ್ಲಿದ್ದ ನಿಮ್ಮ ನೋಟಿಸನ್ನು ಎಡಗೈಯಿಂದ ನನ್ನತ್ತ ಸರಿಸಿದರು. “ಹಂಗಾರ ಇದಕ್ಕ ಉತ್ತರ ನೀವ ಬರೀರಿ. ನನಗ ಹೇಳಿದ್ದನ್ನ ಎಲ್ಲಾರಿಗೂ ಹೇಳ್ರಿ. ಅಲ್ಲೀತನ ನನ್ನ ಮುಂದ ಬರಬ್ಯಾಡ್ರಿ,” ಎಂದು ಗೋಡೆಯ ಕಡೆ ಮುಖ ಮಾಡಿದರು.

ನಾಚಿಕೆ ಎಂಬುದಕ್ಕೆ ಇಷ್ಟು ಭಾರವಿದೆಯೆಂದು ನನಗೆ ಗೊತ್ತಿರಲಿಲ್ಲ. ನಿಮಗೆ ಅದು ತಗುಲಿದೆಯೇ ಎಂದು ಕೇಳುವ ಅರ್ಹತೆ ನನಗಿಲ್ಲ. ಕೇಳಬಹುದಾದದ್ದನ್ನು ಕೇಳುತ್ತೇನೆ. ಗುರವ್ವನವರ ಮೇಲಿನ ನೋಟಿಸನ್ನು ಹಿಂಪಡೆದು, ಹಾಗೆಂದು ಪತ್ರಿಕೆಯಲ್ಲಿ ಪ್ರಕಟಿಸಿ. ನನ್ನ ಮೊದಲ ವರದಿಯನ್ನು, ಕಂಪನದ ನಕ್ಷೆಗಳ ಸಮೇತ, ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಒಂದು ಪ್ರತಿಯನ್ನು ಪೊಲೀಸರಿಗೂ ಕೊಟ್ಟಿದ್ದೇನೆ. ವಿಚಾರಣೆಗೆ ನಾನು ಸಿದ್ಧ, ನಿಮ್ಮ ಪಕ್ಕದಲ್ಲೇ ನಿಲ್ಲುತ್ತೇನೆ. ಇನ್ನೊಂದು ಮಾತಿದೆ, ಇದಕ್ಕೆ ಮಾತ್ರ ಏಳು ದಿನಗಳ ವ್ಯವಧಾನವಿಲ್ಲ. ಅದೇ ನಕ್ಷೆಯ, ಅದೇ ಗುತ್ತಿಗೆದಾರರು ನವೀಕರಿಸಿದ ಇನ್ನೊಂದು ಕಟ್ಟಡ ನಾಗರಬಾವಿಯ ಕಡೆಗಿದೆ. ಅಲ್ಲಿ ಅಂಗನವಾಡಿ ನಡೆಯುತ್ತಿದೆ. ನಾಳೆ ಮಕ್ಕಳು ಬರುವ ಮೊದಲು ಅದಕ್ಕೆ ಬೀಗ ಹಾಕಿಸಿ. ಹಾಕಿಸದಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ಅದರ ಬಾಗಿಲಲ್ಲಿ ನಾನೇ ನಿಂತು, ಬರುವ ಪ್ರತಿಯೊಬ್ಬ ತಾಯಿಗೂ ನನ್ನ ಹೆಸರು ಹೇಳಿ, ನಾನು ಮಾಡಿದ್ದನ್ನು ಹೇಳಿ, ವಾಪಸು ಕಳಿಸುತ್ತೇನೆ.

ಇಂತಿ,
ತಪ್ಪು ವರದಿಗೆ ಸರಿಯಾದ ಸಹಿ ಹಾಕಿದ
ನಾಗಭೂಷಣ್
ಮೂಡಲಪಾಳ್ಯ