ಎಂಟು ಹೆಸರು, ಒಂಬತ್ತು ರುಜು

ಬೆಲ್‌ವಿಲ್, ಪೆನ್ಸಿಲ್ವೇನಿಯಾ
ಸೋಮವಾರ, ಜನವರಿ 21, 1963

ಪ್ರೀತಿಯ ತಂಗಿ ಮಲಿಂಡಾಳಿಗೆ,

ಕರ್ತನ ಕೃಪೆ ನಿನ್ನ ಮೇಲೂ ನಿನ್ನ ಮನೆಯವರ ಮೇಲೂ ಇರಲಿ. ನಾವು ದೇವರ ದಯೆಯಿಂದ ಚೆನ್ನಾಗಿದ್ದೇವೆ. ಈ ಚಳಿಗೆ ನಿನ್ನ ಭಾವ ಎನೋಸ್‌ನ ಮೊಣಕಾಲು ಹಿಡಿದುಕೊಂಡಿದೆ, ಆದರೆ ಬಾಯಿಗೆ ಏನೂ ಆಗಿಲ್ಲ. ಬೆಳಿಗ್ಗೆ ಒಗೆದು ಹರವಿದ ಬಟ್ಟೆಗಳು ತಂತಿಯ ಮೇಲೆ ಹಲಗೆಯಂತೆ ಸೆಟೆದು ನಿಂತಿವೆ. ಅವನ್ನು ಒಳಗೆ ತರುವ ಮೊದಲು ಇಷ್ಟಾದರೂ ಬರೆಯೋಣವೆಂದು ಕೂತೆ.

ಕಾಗದ ತಡವಾಯಿತು, ಕ್ಷಮಿಸು ಎಂದು ಬರೆಯಹೊರಟೆ. ಹನ್ನೊಂದು ವರ್ಷಕ್ಕೆ ತಡ ಎನ್ನುವ ಮಾತು ಸಾಲುವುದಿಲ್ಲ. ಅಪ್ಪ ಹಾಸಿಗೆ ಹಿಡಿದಾಗ ಒಂದು ಕಾರ್ಡು, ಅಪ್ಪ ಹೋದಾಗ ಒಂದು ಕಾರ್ಡು, ನಡುವೆ ಮತ್ತೇನನ್ನೂ ನಾನು ಬರೆಯಲಿಲ್ಲ. ನೀನು ಎರಡಕ್ಕೂ ಉತ್ತರ ಕೊಡಲಿಲ್ಲ, ಬರಲೂ ಇಲ್ಲ. ಯಾಕೆಂದು ನನಗೆ ಗೊತ್ತು. ಅವ್ವನ ಮಣ್ಣಿಗೆ ಬಂದ ದಿನ ನೀನು ಮಹಡಿಯ ಕೋಣೆಯಲ್ಲಿ ನಮ್ಮ ಮನೆಯ ಬೈಬಲ್ ತೆರೆದೆ. ಮಕ್ಕಳ ಹೆಸರಿನ ಪುಟದಲ್ಲಿ ನಿನ್ನ ಹೆಸರಿನ ಮೇಲೆ ದಪ್ಪ ಗೀಟು ಎಳೆದಿತ್ತು. ಕೆಳಗಿಳಿದು ಬಂದವಳು ಅಪ್ಪನ ಮುಖವನ್ನೂ ನೋಡದೆ, ಊಟಕ್ಕೂ ನಿಲ್ಲದೆ ಹೊರಟುಹೋದೆ. ಸಭೆ ಬಿಟ್ಟು ಹೋಗಿ ಬಹಿಷ್ಕಾರದಲ್ಲಿರುವವಳು ನಮ್ಮ ಪಂಕ್ತಿಗೆ ಕೂರುವ ಹಾಗಿಲ್ಲವೆಂದು ನಿನಗಾಗಿ ಎರಡು ಮೇಜುಗಳ ನಡುವೆ ನಾಲ್ಕು ಬೆರಳು ಸಂದು ಬಿಟ್ಟು, ಸಂದು ಕಾಣದಂತೆ ಮೇಲೆ ಒಂದೇ ಬಟ್ಟೆ ಹಾಸಿದ್ದೆ. ಆ ಬಟ್ಟೆಯನ್ನು ಹಾಗೇ ಮಡಿಸಿ ಒಳಗಿಟ್ಟೆ.

ಸುತ್ತುಬಳಸು ನನಗೆ ಬರುವುದಿಲ್ಲ, ಬರೆಯುತ್ತಿರುವ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕೂರ್ಟ್ಸ್ ವಂಶದ ಪುಸ್ತಕ ಅಚ್ಚಿಗೆ ಹೋಗುತ್ತಿದೆ. ಅದರಲ್ಲಿ ನಿನ್ನ ಹೆಸರು, ನಿನ್ನ ಗಂಡ ರಾಯ್ ಹೆಸರು, ನಿಮ್ಮ ಮಕ್ಕಳ ಹೆಸರು ಬರಬೇಕು. ಅದಕ್ಕೆ ನಿನ್ನ ಕೈಬರಹದ ಒಪ್ಪಿಗೆ ಬೇಕು. ಫೆಬ್ರವರಿ ಮುಗಿಯುವುದರೊಳಗೆ ಬರದಿದ್ದರೆ ನೀನಿಲ್ಲದೆಯೇ ಪುಸ್ತಕ ಅಚ್ಚಾಗುತ್ತದೆ. ಇನ್ನೊಮ್ಮೆ ಅಚ್ಚಾಗುವ ಕಾಲಕ್ಕೆ ನಾನೂ ನೀನೂ ಇರುವುದಿಲ್ಲ.

ಇದು ನನ್ನ ತಲೆಗೆ ಬಂದದ್ದು ಹೀಗೆ. ಟೋಬಿಯಾಸ್ ದೊಡ್ಡಪ್ಪ ಮೂವತ್ತು ವರ್ಷದಿಂದ ವಂಶದ ಹೆಸರುಗಳನ್ನು ಕೂಡಿಹಾಕುತ್ತಿದ್ದುದು ನಿನಗೆ ನೆನಪಿರಬೇಕು. ಈಗ ಅವರಿಗೆ ಎಂಬತ್ತನಾಲ್ಕು, ಕಣ್ಣು ಪೂರ್ತಿ ಮಂಜು. ಮೂರು ವರ್ಷದ ಹಿಂದೆ ಒಂದು ದಿನ ಹಿಟ್ಟಿನ ಚೀಲದ ತುಂಬ ಕಾಗದ ತಂದು ನನ್ನ ಅಡುಗೆಮನೆಯ ಮೇಜಿನ ಮೇಲೆ ಸುರಿದರು. ಎಂಟನೇ ತರಗತಿಗೆ ಶಾಲೆ ಬಿಟ್ಟವಳಿಗೆ ಇದೆಲ್ಲ ಆಗುತ್ತದೆಯೇ ಎಂದು ಕೇಳಿದೆ. ನಿನ್ನ ಅಕ್ಷರ ದುಂಡಗಿದೆ, ತಲೆ ನೆಟ್ಟಗಿದೆ, ಮಿಕ್ಕಿದ್ದನ್ನು ದೇವರು ನೋಡಿಕೊಳ್ಳುತ್ತಾನೆ ಎಂದರು.

ನಾನು ಹುಡುಕಬೇಕಾಗಿದ್ದದ್ದು ಹಡಗಿನಲ್ಲಿ ಬಂದ ಮೊದಲ ಅಜ್ಜ ಯೋಸ್ಟ್ ಕೂರ್ಟ್ಸ್‌ನನ್ನು. ದೊಡ್ಡಪ್ಪನ ಹತ್ತಿರ ಅವನ ಹಳೆಯ ಜರ್ಮನ್ ಬೈಬಲ್ ಇದೆ. ಅದರಲ್ಲಿ ಅವನ ಕೈಬರಹದಲ್ಲೇ ಎಂಟು ಮಕ್ಕಳ ಹೆಸರು, ಹುಟ್ಟಿದ ದಿನ ಇವೆ. ಹಡಗಿನ ಪಟ್ಟಿಯಲ್ಲಿ ಹೆಸರು ಸಿಕ್ಕಿತು. ಬರ್ಕ್ಸ್ ಕಡೆಯ ಹಳೆಯ ಹೊಲದ ಮೂಲೆಯಲ್ಲಿ ಸಮಾಧಿ ಕಲ್ಲುಗಳಿದ್ದವು. ಎರಡಕ್ಷರ ಕೆತ್ತಿದ ಕಾಡುಕಲ್ಲು, ಬೇರೇನಿಲ್ಲ. ಎನೋಸ್ ಅದರ ಮೇಲೆ ಕಾಗದ ಹಿಡಿದುಕೊಂಡ, ನಾನು ಇದ್ದಿಲು ತಿಕ್ಕಿ ಅಕ್ಷರ ಎಬ್ಬಿಸಿದೆ. ಕಂದಾಯದ ಪಟ್ಟಿಯಲ್ಲಿ ಹಸು ಎಷ್ಟು, ಕುದುರೆ ಎಷ್ಟು, ಯಾವ ವರ್ಷ ಸತ್ತ ಎಂಬುದೂ ಸಿಕ್ಕಿತು. ಎರಡು ಚಳಿಗಾಲ ಕೂತು ಎಪ್ಪತ್ತು ಸಂಸಾರಗಳನ್ನು ಆ ಅಜ್ಜನ ಕೆಳಗೆ ಬರೆದು ಮುಗಿಸಿದೆ. ನಾನೇ ಮೆಚ್ಚಿಕೊಂಡೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಮೆಚ್ಚಿಕೊಂಡೆ.

ಆಮೇಲೆ ಒಂದು ದಿನ ಲೆಕ್ಕ ನೋಡಿದರೆ ಕೊನೆಯ ಮಗು ಹುಟ್ಟಿದ್ದು ಅಜ್ಜ ಸತ್ತು ನಾಲ್ಕು ವರ್ಷವಾದ ಮೇಲೆ. ಎನೋಸ್‌ಗೆ ತೋರಿಸಿದೆ. ಅವನು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿ, “ನಿಮ್ಮ ಕೂರ್ಟ್ಸ್ ಗಂಡಸ್ರು ಗಟ್ಟಿ ಆಳುಗಳು ಕಣೆ ಲೋಮಿ, ಸತ್ ಮೇಲೂ ಸುಮ್ನಿರಲ್ಲ” ಎಂದ.

ತಪ್ಪು ನಮ್ಮವರಿಗೇ ಆಗುವಂಥದ್ದು. ಇಲ್ಲಿ ಒಂದೇ ಹೆಸರು ಹತ್ತು ಮಂದಿಗೆ. ಗಿರಣಿ ಸ್ಯಾಮ್, ಕುಂಟ ಸ್ಯಾಮ್, ಮೇಕೆ ಸ್ಯಾಮ್ ಎನ್ನದಿದ್ದರೆ ಯಾರೆಂದು ತಿಳಿಯುವುದಿಲ್ಲ. ಆದರೆ ಸರ್ಕಾರದ ಕಾಗದಕ್ಕೆ ಅಡ್ಡಹೆಸರು ಹೋಗುವುದಿಲ್ಲ. ಆ ಕಾಲದಲ್ಲಿ ಅದೇ ಊರಿನಲ್ಲಿ ಮೂವರು ಯೋಸ್ಟ್ ಕೂರ್ಟ್ಸ್ ಇದ್ದರು, ಅವರಲ್ಲಿ ಇಬ್ಬರ ಹೆಂಡತಿಯರ ಹೆಸರೂ ಬಾರ್ಬರಾ. ಎರಡು ವರ್ಷ ನಾನು ಯಾರದೋ ಅಜ್ಜನನ್ನು ನಮ್ಮ ಅಜ್ಜನೆಂದು ಇಟ್ಟುಕೊಂಡಿದ್ದೆ. ಒಂದು ವಾರ ಆ ಚೀಲ ಮುಟ್ಟಲಿಲ್ಲ.

ಬಟ್ಟೆ ತರಬೇಕು. ಮಿಕ್ಕಿದ್ದು ಆಮೇಲೆ.

ಗುರುವಾರ

ಮೂರು ದಿನ ಕಾಗದ ಹಾಗೇ ಉಳಿಯಿತು. ಹಂದಿ ಕೊಯ್ಯುವ ಕೆಲಸವಿತ್ತು, ಮನೆ ತುಂಬ ಜನ. ಕೈಯಿಂದ ಇನ್ನೂ ಮೆಣಸಿನ ವಾಸನೆ ಹೋಗಿಲ್ಲ.

ಸರಿಯಾದ ಯೋಸ್ಟ್ ಸಿಕ್ಕಿದ್ದು ಬರ್ಕ್ಸ್‌ನ ಜಿಲ್ಲಾ ಕಚೇರಿಯಲ್ಲಿ, ಹೋದ ನವೆಂಬರಿನಲ್ಲಿ. ಬಸ್ಸಿನಲ್ಲಿ ಒಬ್ಬಳೇ ಹೋಗಿದ್ದೆ. ದಾಖಲೆ ಕೋಣೆಯಲ್ಲಿ ಮಿಸ್ ಹಾರ್ಪ್‌ಸ್ಟರ್ ಎಂಬ ಹೆಂಗಸು ಇದ್ದಾಳೆ. ನಮ್ಮ ಸಭೆಗೆ ಹೊರಗಿನವಳು, ಸಿಡುಕಿ, ಆದರೆ ಕೆಲಸ ಬಲ್ಲವಳು. ನಾನು ಕೇಳಿದ ಪುಸ್ತಕವನ್ನೆಲ್ಲ ಎರಡು ದಿನ ತಂದು ತಂದು ಹಾಕಿ, ಕೊನೆಗೆ ಬೇಸತ್ತು ಹೇಳಿದಳು:

“ನೀವು ಹುಟ್ಟಿದ್ದು, ಸತ್ತಿದ್ದು ಮಾತ್ರ ಹುಡುಕ್ತಾ ಇದೀರಮ್ಮ. ಜಮೀನು ಹುಡುಕಿ. ಜಮೀನಿನ ಕಾಗದದಲ್ಲಿ ಯಾರೂ ಯಾರನ್ನೂ ಮರೆಯೋ ಹಾಗಿಲ್ಲ.”

ಅವಳು ತಂದುಕೊಟ್ಟದ್ದು ಸಾವಿರದ ಏಳುನೂರ ತೊಂಬತ್ತೇಳನೆಯ ಇಸವಿಯ ಹಕ್ಕು ಖುಲಾಸೆ ಪತ್ರ. ಯೋಸ್ಟ್ ಸತ್ತ ಮೇಲೆ ಹೊಲ ಮಾರಲು ಅವನ ವಾರಸುದಾರರೆಲ್ಲ ಸೇರಿ ಬರೆದುಕೊಟ್ಟದ್ದು. ಹೆಂಡತಿ ಬಾರ್ಬರಾ. ಮಕ್ಕಳ ಹೆಸರುಗಳು ಬೈಬಲಿನಲ್ಲಿ ಇದ್ದ ಹಾಗೆಯೇ, ಅದೇ ಸಾಲಿನಲ್ಲಿ. ಇವನೇ ನಮ್ಮ ಅಜ್ಜ ಎಂದು ಗೊತ್ತಾಯಿತು. ಬೆರಳಿಟ್ಟು ಎಣಿಸಿದೆ. ಬೈಬಲಿನಲ್ಲಿದ್ದದ್ದು ಎಂಟು. ಇಲ್ಲಿ ಒಂಬತ್ತು ರುಜು.

ಒಂಬತ್ತನೆಯ ರುಜು ವೆರೋನಿಕಾಳದು. ಮೆಕ್‌ಕಿನ್ ಎಂಬ ಹೊರಗಿನವನ ಹೆಂಡತಿ, ಒಹಾಯೊ ನದಿಯ ಕಡೆ ವಾಸ ಎಂದು ಬರೆದಿತ್ತು. ಎಂಟು ಮಂದಿ ಒಂದೇ ದಿನ ರುಜು ಹಾಕಿದ್ದಾರೆ. ವೆರೋನಿಕಾಳ ಗುರುತು ಬಿದ್ದಿರುವುದು ಹದಿನಾಲ್ಕು ತಿಂಗಳ ಮೇಲೆ. ಸಾಕ್ಷಿ ಹಾಕಿದವನು ಅವಳ ಅಣ್ಣ ಕ್ರಿಸ್ಟಿಯನ್. ಅಂದರೆ ಆ ಅಣ್ಣ ಕಾಗದವನ್ನು ಚೀಲದಲ್ಲಿಟ್ಟುಕೊಂಡು, ಕುದುರೆ ಹತ್ತಿ, ಬೆಟ್ಟ ದಾಟಿ ತಂಗಿಯ ಮನೆ ಹುಡುಕಿಕೊಂಡು ಹೋಗಿದ್ದಾನೆ. ಅವಳಿಲ್ಲದೆ ಹೊಲ ಕೈ ಬದಲಾಗುವಂತಿರಲಿಲ್ಲ. ಅವಳ ಮನೆಯಲ್ಲಿ ಅವನು ಊಟ ಮಾಡಿದನೋ ಇಲ್ಲವೋ ಕಾಗದದಲ್ಲಿ ಇಲ್ಲ. ಬಸ್ಸಿನಲ್ಲಿ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಅದೊಂದನ್ನೇ.

ಮಾರನೆಯ ದಿನ ದೊಡ್ಡಪ್ಪನ ಮನೆಗೆ ಹೋಗಿ ಹಳೆಯ ಬೈಬಲ್ ತೆಗೆದೆ. ಐದನೆಯ ಮತ್ತು ಆರನೆಯ ಹೆಸರಿನ ನಡುವೆ ಒಂದು ಬೆರಳಿನಷ್ಟು ಜಾಗ ಖಾಲಿ. ಎಷ್ಟೋ ಸಲ ನೋಡಿದ್ದೆ, ನೀರು ಬಿದ್ದಿರಬೇಕು ಎಂದುಕೊಂಡಿದ್ದೆ. ಕಿಟಕಿಗೆ ಹಿಡಿದರೆ ಅಷ್ಟು ಜಾಗದಲ್ಲಿ ಬೆಳಕು ಹಾಯುತ್ತದೆ. ಯಾರೋ ಚಾಕುವಿನಿಂದ ಹೆರೆದಿದ್ದಾರೆ. ದೊಡ್ಡಪ್ಪನ ಬೆರಳು ಹಿಡಿದು ಅದರ ಮೇಲೆ ಆಡಿಸಿದೆ. ಅವರು ತಾವೇ ಇನ್ನೊಮ್ಮೆ ಬೆರಳಾಡಿಸಿ ನೋಡಿದರು.

ಆಮೇಲೆ ಮೆನ್ನೊನನ್ನು ಕರೆಸಿದರು. ಅವನು ಈಗ ನಮ್ಮ ಸಭೆಯ ಹಿರಿಯ, ಅವನ ಹೆಂಡತಿಯೂ ಕೂರ್ಟ್ಸ್ ಮನೆಯವಳೇ. ವೆರೋನಿಕಾಳನ್ನು ಹಾಕುವುದಕ್ಕೆ ಅವನು ತಕರಾರು ಮಾಡಲಿಲ್ಲ. ಇನ್ನೂರು ವರ್ಷದ ಹಿಂದಿನವಳು, ದೇವರ ಕೈಯಲ್ಲಿದ್ದಾಳೆ ಎಂದ. ಹಾಗಾದರೆ ಈಗಿನವರು ಎಂದು ನಾನು ಕೇಳಿದೆ. ಇಲ್ಲಿಯತನಕ ಬಂದ ವಂಶದ ಪುಸ್ತಕಗಳಲ್ಲಿ ಬಹಿಷ್ಕಾರದಲ್ಲಿರುವವರನ್ನು ಬಿಟ್ಟೇ ಬರೆದಿದ್ದಾರೆ, ಅದೇ ಪದ್ಧತಿ ಎಂದ.

“ಹೊಲ ಮಾರೋಕೆ ಅವಳ ಹೆಸರು ಬೇಕಾಗಿತ್ತು, ದೇವರ ಪುಸ್ತಕಕ್ಕೆ ಬೇಡವಾಯ್ತೇನೋ ಮೆನ್ನೊ?” ಎಂದೆ.

“ದೇವರ ಪುಸ್ತಕದಲ್ಲಿ ಯಾರ ಹೆಸರಿದೆ ಅಂತ ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ, ಲೋಮಿ. ನಾವು ಮಾತಾಡ್ತಿರೋದು ಅಚ್ಚಿನ ಪುಸ್ತಕದ ವಿಷಯ. ಸಭೆ ಬಿಟ್ಟು ಹೋದ್ರೂ ಹೆಸರು ಉಳಿಯತ್ತೆ ಅಂದ್ರೆ ಚಿಕ್ಕವ್ರು ಏನಂದ್ಕೋತಾರೆ?”

ನೀನು ದೀಕ್ಷಾಸ್ನಾನ ತೆಗೆದುಕೊಂಡು, ಸಭೆಯ ಮುಂದೆ ಮಂಡಿಯೂರಿ ಮಾತು ಕೊಟ್ಟು, ಆಮೇಲೆ ಹೋದವಳು. ಅದು ಸಣ್ಣದೆಂದು ನಾನು ಹೇಳುವುದಿಲ್ಲ. ನಾನು ಸುಳ್ಳು ಹೇಳಿದರೆ ನಿನಗೇ ಗೊತ್ತಾಗುತ್ತದೆ.

ಆಮೇಲೆ ಮೆನ್ನೊ ಟೊಪ್ಪಿಗೆಯ ಅಂಚು ತಿರುವುತ್ತ, “ಹಾಗೆ ಮಾಡಿದ್ರೆ ನಮ್ಮ ರೂಬನ್ ಹೆಸರೂ ಬರತ್ತಲ್ಲ” ಎಂದ. ರೂಬನ್ ಅವನ ಎರಡನೆಯ ಮಗ, ಸಭೆ ಬಿಟ್ಟು ಹೋಗಿ ಆರು ವರ್ಷ. ಬೇಡವೆಂದನೋ ಬೇಕೆಂದನೋ ಧ್ವನಿಯಿಂದ ತಿಳಿಯಲಿಲ್ಲ.

ಕೊನೆಗೆ ದೊಡ್ಡಪ್ಪ ಮಾತಾಡಿದರು. “ಇದು ಸಭೆ ಪುಸ್ತಕ ಅಲ್ಲ ಕಣ್ರಪ್ಪ, ಹೊಟ್ಟೆ ಪುಸ್ತಕ. ಹುಟ್ಟಿದವ್ರೆಲ್ಲ ಬರಲಿ. ಆದ್ರೆ ಬದುಕಿರೋರನ್ನ ಕೇಳದೆ ಹಾಕಬೇಡಿ. ನಾವು ಹೊರಗಿಟ್ಟೋರು, ನಮ್ಮ ಪುಸ್ತಕದಲ್ಲಿರೋಕೆ ಅವ್ರಿಗೆ ಇಷ್ಟ ಇದೆಯೋ ಇಲ್ವೋ.” ಮೆನ್ನೊ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, ಕಾಗದ ಹೋಗುವುದಾದರೆ ಬೇಗ ಹೋಗಲಿ ಎಂದಷ್ಟೇ ಹೇಳಿದ.

ಆ ಮಾತಾಗಿ ಎರಡು ತಿಂಗಳಾಯಿತು. ಬೇಗ ಬರೆಯಲಿಲ್ಲ, ಅದೂ ನನ್ನ ತಪ್ಪೇ.

ಈಗ ಕೇಳುತ್ತೇನೆ. ಜೊತೆಗಿರುವ ಹಾಳೆಯಲ್ಲಿ ನಿನ್ನ ಮದುವೆಯ ದಿನ, ರಾಯ್ ಅಪ್ಪ ಅಮ್ಮನ ಹೆಸರು, ನಿಮ್ಮ ಮಕ್ಕಳು ಹುಟ್ಟಿದ ದಿನ ಬರೆದು ಕಳಿಸು. ನಿನಗೆ ಮೂರು ಮಕ್ಕಳು ಎಂದು ಯಾರೋ ಹೇಳಿದರು, ನಾಲ್ಕು ಎಂದು ಇನ್ನೊಬ್ಬರು. ನೂರೈವತ್ತು ವರ್ಷದ ಹಿಂದೆ ಸತ್ತವರ ಮಕ್ಕಳನ್ನು ಬೆರಳ ಮೇಲೆ ಎಣಿಸುತ್ತೇನೆ, ನನ್ನ ತಂಗಿಗೆ ಎಷ್ಟು ಮಕ್ಕಳೆಂದು ನನಗೆ ಗೊತ್ತಿಲ್ಲ. ಸತ್ತು ಹೋದ ಮಗು ಇದ್ದರೆ ಅದರ ಹೆಸರನ್ನೂ ಬರೆ. ಬೇಡ ಎನಿಸಿದರೆ ಬೇಡವೆಂದೇ ಬರೆ, ಆದರೆ ಏನಾದರೂ ಬರೆ.

ಕರ್ತನು ನಿನ್ನ ಒಲೆಯನ್ನು ಬೆಚ್ಚಗಿಡಲಿ, ನಿನ್ನ ಮಕ್ಕಳಿಗೆ ಸತ್ಯದ ದಾರಿ ತೋರಿಸಲಿ, ರಾಯ್‌ಗೆ ಆರೋಗ್ಯ ಕೊಡಲಿ. ಪ್ರತಿದಿನ ಬೆಳಿಗ್ಗೆ ಮಂಡಿಯೂರಿದಾಗ ನಿನ್ನ ಹೆಸರು ಹೇಳುತ್ತೇನೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ನಿನ್ನ ಅಕ್ಕ,
ಸಲೋಮಿ

ಮರೆತಿದ್ದಲ್ಲ, ಮೇಲೆ ಬರೆಯುವ ಧೈರ್ಯ ಬರಲಿಲ್ಲ. ಒಪ್ಪಿಗೆ ಕೊಡುವ ಮೊದಲು ನೀನು ಇದನ್ನು ತಿಳಿದಿರಬೇಕು. ನಮ್ಮ ಬೈಬಲಿನಲ್ಲಿ ನಿನ್ನ ಹೆಸರಿನ ಮೇಲೆ ಗೀಟು ಎಳೆದದ್ದು ಅಪ್ಪ ಅಲ್ಲ, ನಾನು. ಅಪ್ಪ ಹೇಳಲಿಲ್ಲ, ಸಭೆಯವರೂ ಹೇಳಲಿಲ್ಲ. ನೀನು ಹೋದ ಮೇಲೆ ಅವ್ವ ದಿನಾ ಸಂಜೆ ಆ ಪುಟ ತೆರೆದು ನಿನ್ನ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಕೂರುತ್ತಿದ್ದಳು. ಮನೆಯಲ್ಲೇ ಉಳಿದವಳು ನಾನು, ಎದುರಿಗೇ ಕೂತು ಹೊಲಿಯುತ್ತಿದ್ದೆ. ನನ್ನ ಹೆಸರೂ ಆ ಪುಟದಲ್ಲೇ ಇತ್ತು. ಆ ಬೆರಳು ಒಂದು ದಿನವೂ ಅದರ ಮೇಲೆ ಬರಲಿಲ್ಲ. ಒಂದು ಮಧ್ಯಾಹ್ನ ಶಾಯಿ ತೆಗೆದುಕೊಂಡೆ. ಅಪ್ಪ ಅದನ್ನು ನೋಡಿದರು, ನನ್ನನ್ನು ನೋಡಿದರು, ಪುಸ್ತಕ ಮುಚ್ಚಿಟ್ಟರು. ಯಾರಿಗೂ ಹೇಳಲಿಲ್ಲ. ಅವ್ವನ ಮಣ್ಣಿನ ದಿನ ನೀನು ಅವರ ಮುಖ ನೋಡದೆ ಹೋದಾಗಲೂ ಹೇಳಲಿಲ್ಲ. ಕೊನೆಯ ವಾರ ಮಲಿಂಡಾ ಯಾಕೆ ಬರಲಿಲ್ಲ ಎಂದು ನನ್ನನ್ನೇ ಕೇಳಿದರು. ಹಿಮ ಬಿದ್ದು ರಸ್ತೆ ಮುಚ್ಚಿದೆ ಅಪ್ಪಾ ಎಂದೆ. ಆ ವರ್ಷ ಹಿಮವೇ ಬಿದ್ದಿರಲಿಲ್ಲ, ಅವರ ಹಾಸಿಗೆ ಕಿಟಕಿಯ ಪಕ್ಕದಲ್ಲೇ ಇತ್ತು.